ಕಡವಿನ ನೆಲೆ: ಕರಾವಳಿಯ ದೋಣಿ ನಿಲ್ದಾಣಗಳಿಗೆ ಸ್ಥಳ ಗೊತ್ತುಮಾಡುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕರಾವಳಿಯ ಗ್ರಾಮ ಪಂಚಾಯತಿಗಳ ನಡಾವಳಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಒಂದು ಬಗೆಯ ಠರಾವು ಇದೆ. ಗ್ರಾಮದ ಹೊಳೆಬದಿಯಲ್ಲಿ ಜೆಟ್ಟಿ ನಿರ್ಮಿಸಿ ಕಡವಿನ ವ್ಯವಸ್ಥೆ ಕಲ್ಪಿಸುವಂತೆ ಸಂಬಂಧಪಟ್ಟ ಇಲಾಖೆಯನ್ನು ಕೋರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂಬಲ್ಲಿಗೆ ಅದು ಮುಗಿಯುತ್ತದೆ. ಸೂಚಕರ ಹೆಸರು, ಅನುಮೋದಕರ ಹೆಸರು ಎಲ್ಲವೂ ಕ್ರಮವಾಗಿರುತ್ತವೆ. ಆದರೆ ಹೊಳೆಬದಿಯ ಯಾವ ಜಾಗ, ಅಲ್ಲಿ ಇಳಿತದ ಹೊತ್ತಿನಲ್ಲಿ ಎಷ್ಟು ನೀರು ನಿಲ್ಲುತ್ತದೆ, ದಿನಕ್ಕೆ ಎಷ್ಟು ಮಂದಿ ಯಾವ ಹೊತ್ತಿಗೆ ದಾಟಬೇಕಾಗಿದೆ ಎಂಬುದು ಆ ಪುಟದಲ್ಲಿ ಇರುವುದಿಲ್ಲ. ಆ ಖಾಲಿ ಜಾಗವನ್ನು ಮುಂದೆ ಯಾರೋ ತುಂಬುತ್ತಾರೆ. ಬಹಳ ಸಲ, ಜನವರಿಯ ಶಾಂತ ಸಮುದ್ರವನ್ನು ಒಮ್ಮೆ ಮಾತ್ರ ಕಂಡುಹೋದವರು ತುಂಬುತ್ತಾರೆ. ಹಾಗೆ ತುಂಬಿದ ಒಂದು ಅಂಕಿಯ ಮೇಲೆ ಕಾಂಕ್ರೀಟು ಬಿದ್ದ ನಂತರ ಅದನ್ನು ತಿದ್ದಲು ಬರುವುದಿಲ್ಲ.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕಡವು ಎಂಬುದನ್ನೇ ಉತ್ತರ ಕನ್ನಡದಲ್ಲಿ ತಾರಿ ಎನ್ನುತ್ತಾರೆ. ಹೆಸರು ಯಾವುದಾದರೂ ವಿಷಯ ಪಂಚಾಯತಿಗಳ ವ್ಯಾಪ್ತಿಯ ಹೊರಗಿನದಲ್ಲ. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ 11ನೇ ಅನುಸೂಚಿಯ 13ನೇ ಬಾಬು ರಸ್ತೆ, ಮೋರಿ, ಸೇತುವೆಗಳ ಜೊತೆಗೆ ಕಡವು ಹಾಗೂ ಜಲಮಾರ್ಗಗಳನ್ನೂ ಹೆಸರಿಸುತ್ತದೆ. ದಕ್ಕೆ ಕಟ್ಟುವುದು, ಹೂಳೆತ್ತುವುದು, ದೋಣಿಗಳಿಗೆ ಪರವಾನಗಿ ನೀಡುವುದು ಬಂದರು ಇಲಾಖೆಯ ಮತ್ತು ಕರ್ನಾಟಕ ಜಲಸಾರಿಗೆ ಮಂಡಳಿಯ ಕೆಲಸ, ನಿಜ. ಆದರೆ ಸ್ಥಳದ ಬಗೆಗಿನ ಸ್ಥಳೀಯ ತಿಳಿವಳಿಕೆಯನ್ನು ಬರಹದಲ್ಲಿ ಒದಗಿಸುವ ಸಂಸ್ಥೆ ಗ್ರಾಮ ಪಂಚಾಯತಿಯೊಂದೇ.

ಸ್ಥಳದ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ವರ್ಷಗಳ ಅತ್ಯಂತ ದೊಡ್ಡ ಪಾಠ ಗುಜರಾತಿನದು. ಅದನ್ನು ತುಸು ವಿವರವಾಗಿಯೇ ನೋಡಬೇಕು.

ಖಂಭಾತ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಭಾವನಗರ ಜಿಲ್ಲೆಯ ಘೋಘಾ ಇದೆ. ಪೂರ್ವ ದಂಡೆಯಲ್ಲಿ, ಹೆಚ್ಚುಕಡಿಮೆ ಎದುರಿಗೆ, ಭರೂಚ್ ಜಿಲ್ಲೆಯ ದಹೇಜ್. ಕೊಲ್ಲಿಯನ್ನು ಸುತ್ತಿ ರಸ್ತೆಯಲ್ಲಿ ಹೋದರೆ 300 ಕಿ.ಮೀ.ಗೂ ಹೆಚ್ಚು, ನೀರಿನ ಮೇಲೆ ನೇರವಾಗಿ ಹೋದರೆ ಸುಮಾರು 30 ಕಿ.ಮೀ. ನಕ್ಷೆಯನ್ನು ಮುಂದಿಟ್ಟುಕೊಂಡ ಯಾರೇ ಆದರೂ ಗೆರೆ ಎಳೆಯುವುದು ಇಲ್ಲಿಯೇ. 2012ರ ಜನವರಿಯಲ್ಲಿ ಯೋಜನೆಗೆ ಶಂಕುಸ್ಥಾಪನೆಯಾಯಿತು. 2017ರ ಅಕ್ಟೋಬರ್ 22ರಂದು ಪ್ರಯಾಣಿಕರ ಸೇವೆ ಆರಂಭವಾಯಿತು. ಮರುವರ್ಷ ಲಾರಿ, ಕಾರುಗಳನ್ನೂ ಹೊತ್ತು ಸಾಗುವ ಹಡಗು ಬಂತು. ಯೋಜನೆಯ ವೆಚ್ಚ 600 ಕೋಟಿ ರೂಪಾಯಿಗಳನ್ನು ಮೀರಿತ್ತು.

ಆ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಹತ್ತು ಮೀಟರಿನ ಆಸುಪಾಸು. ಭಾರತದ ಕಡಲತೀರದಲ್ಲಿ ಇದಕ್ಕಿಂತ ದೊಡ್ಡ ಏರಿಳಿತ ಬೇರೆಲ್ಲೂ ಇಲ್ಲವೆನ್ನಬಹುದು. ಎಂಜಿನಿಯರುಗಳು ಇದನ್ನು ಅರಿತಿದ್ದರು. ದಡಕ್ಕೂ ತೇಲುವ ಕಟ್ಟೆಗೂ ನಡುವೆ, ನೀರಿನೊಂದಿಗೇ ಏರಿ ಇಳಿಯುವ, ನೂರು ಮೀಟರಿಗೆ ಸಮೀಪದ ಉದ್ದದ ಉಕ್ಕಿನ ಸೇತುವೆಯನ್ನು ಕೂರಿಸಿದರು. ಅದು ಮೆಚ್ಚಬೇಕಾದ ಕೆಲಸವೇ. ತೊಡಕು ಬಂದದ್ದು ಬೇರೆ ದಿಕ್ಕಿನಿಂದ. ದಹೇಜ್ ಇರುವುದು ನರ್ಮದೆಯು ಸಮುದ್ರ ಸೇರುವ ಎಡೆಯ ಬಳಿ. ನದಿ ತರುವ ಮಣ್ಣು, ಭರತದ ಸೆಳೆತ ಎತ್ತಿ ತರುವ ಕೆಸರು ಎರಡೂ ನಿಲ್ದಾಣದ ಮುಂದೆ ಬಂದು ಕೂರತೊಡಗಿದವು. ಎತ್ತಿದಷ್ಟೂ ಹೂಳು ಮರಳಿ ತುಂಬಿತು. 2019ರ ಸೆಪ್ಟೆಂಬರಿನಲ್ಲಿ ಹಡಗಿಗೆ ಬೇಕಾದಷ್ಟು ಆಳವಿಲ್ಲವೆಂದು ಸೇವೆ ನಿಂತಿತು. ಏರಿಳಿತಕ್ಕೆ ಉತ್ತರ ಸಿದ್ಧವಿತ್ತು, ಹೂಳಿಗೆ ಇರಲಿಲ್ಲ.

ಮುಂದಿನ ಹೆಜ್ಜೆ ಇನ್ನೂ ಗಮನಾರ್ಹವಾದುದು. 2020ರ ನವೆಂಬರ್ 8ರಂದು ಅದೇ ಘೋಘಾದಿಂದ ಸೂರತ್ ಬಳಿಯ ಹಜೀರಾಕ್ಕೆ ಸೇವೆ ಆರಂಭವಾಯಿತು. ಸಮುದ್ರದ ದಾರಿ 30 ಕಿ.ಮೀ. ಇದ್ದದ್ದು 90 ಕಿ.ಮೀ. ಆಯಿತು. ಕಾಗದದ ಮೇಲೆ ಇದು ಹಿನ್ನಡೆಯಂತೆ ಕಾಣುತ್ತದೆ. ಆದರೆ ಹಜೀರಾದಲ್ಲಿ ದೊಡ್ಡ ಹಡಗುಗಳಿಗಾಗಿ ಆಳವನ್ನು ಕಾಯ್ದುಕೊಂಡು ಬಂದ ಬಂದರು ಮೊದಲೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಸೌರಾಷ್ಟ್ರದ ಊರುಗಳಿಂದ ವಜ್ರ ಹೊಳಪಿಡುವ ಕೆಲಸಕ್ಕೆ, ಜವಳಿ ಕೆಲಸಕ್ಕೆ ಹೋದ ಲಕ್ಷಾಂತರ ಜನ ಇರುವುದು ಸೂರತ್‌ನಲ್ಲಿ. ಜನ ಹೋಗಬೇಕಾಗಿದ್ದ ಊರಿಗೆ ದಾರಿ ಸಿಕ್ಕಿತು, 370 ಕಿ.ಮೀ. ರಸ್ತೆಯ ಸುತ್ತು ತಪ್ಪಿತು. ಮೂರು ಪಟ್ಟು ಉದ್ದದ ಗೆರೆಯು ಚಿಕ್ಕ ಗೆರೆಗಿಂತ ಉಪಯುಕ್ತವಾಯಿತು. ದಡದಿಂದ ದಡಕ್ಕೆ ಅತಿ ಕಡಿಮೆ ದೂರ ಎಲ್ಲಿದೆ ಎಂಬ ಪ್ರಶ್ನೆಯಿಂದ ಸ್ಥಳದ ಹುಡುಕಾಟ ಆರಂಭವಾಗುವುದು ಸಹಜ. ಅಲ್ಲಿಯೇ ಮುಗಿದರೆ ಮಾತ್ರ ದಹೇಜ್ ಆಗುತ್ತದೆ.

ಗುಜರಾತಿನ ಅಳತೆಗಳು ಕರ್ನಾಟಕದ ಕರಾವಳಿಗೆ ಹಾಗೆಯೇ ಒಗ್ಗುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ದೊಡ್ಡ ಭರತದ ದಿನಗಳಲ್ಲಿಯೂ ನೀರಿನ ಏರಿಳಿತ ಸುಮಾರು ಒಂದೂವರೆಯಿಂದ ಎರಡು ಮೀಟರ್ ಮಾತ್ರ. ಸಣ್ಣದೆಂದು ಇದನ್ನು ಕಡೆಗಣಿಸಲಾಗದು. ವಾಹನಗಳು ಇಳಿಯುವ ಇಳಿಜಾರನ್ನು ಹತ್ತಕ್ಕೆ ಒಂದರಂತೆ, ಅಂದರೆ ಹತ್ತು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಕೆಳಗಿಳಿಯುವಂತೆ ಕಟ್ಟಿದರೆ, 1.6 ಮೀಟರ್ ಏರಿಳಿತಕ್ಕೆ ನೀರಿನ ಅಂಚು 16 ಮೀಟರ್ ಹಿಂದೆ ಮುಂದೆ ಸರಿಯುತ್ತದೆ. ಬೆಳಿಗ್ಗೆ ಬಾರ್ಜ್ ಬಂದು ತಾಗಿದ ಜಾಗಕ್ಕೂ ಮಧ್ಯಾಹ್ನ ತಾಗುವ ಜಾಗಕ್ಕೂ ಒಂದು ಬಸ್ಸಿಗಿಂತ ಹೆಚ್ಚಿನ ಅಂತರ. ಆ ನಡುವಿನ ಭಾಗ ಪಾಚಿ ಹಿಡಿದು ಜಾರುತ್ತದೆ. ಬೈಕು ಬಿದ್ದುದಕ್ಕೆ ಅಂಬಿಗನನ್ನು ದೂರುವುದು ರೂಢಿ. ತಪ್ಪು ಹಲವು ಸಲ ಇಳಿಜಾರಿನದು.

ಕೇವಲ ಜನರನ್ನು ಸಾಗಿಸುವ ಕಡವಿನಲ್ಲಿ ಈ ತೊಂದರೆಗೆ ತೇಲುವ ಕಟ್ಟೆಯೇ ಪರಿಹಾರ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿಯ ಜಲ ಮೆಟ್ರೋ ಇದನ್ನು ಚೆನ್ನಾಗಿ ತೋರಿಸಿದೆ. ಅಲ್ಲಿ ಕಟ್ಟೆ ನೀರಿನೊಂದಿಗೆ ಏರಿಳಿಯುವುದರಿಂದ ದೋಣಿಯ ನೆಲವೂ ಕಟ್ಟೆಯ ನೆಲವೂ ಯಾವ ಹೊತ್ತಿನಲ್ಲೂ ಸಮನಾಗಿರುತ್ತವೆ; ಗಾಲಿಕುರ್ಚಿಯಲ್ಲಿ ಕುಳಿತವರೂ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಬಲ್ಲರು. ಆದರೆ ತೇಲುವ ಕಟ್ಟೆಗೆ ಅಲೆಯ ಹೊಡೆತ ತಾಳಿಕೆಯಾಗದು. ಕೊಚ್ಚಿಯ ಹಿನ್ನೀರಿನ ನಿಶ್ಚಲತೆ ಅಲ್ಲಿನ ಅನುಕೂಲ. ನೇರವಾಗಿ ಅರಬ್ಬಿ ಸಮುದ್ರಕ್ಕೆ ಎದೆಯೊಡ್ಡಿದ ಕಡಲತೀರದಲ್ಲಿ ಅದನ್ನೇ ಕೂರಿಸಿದರೆ ಮೊದಲ ಮುಂಗಾರಿನಲ್ಲಿಯೇ ಸರಪಳಿ ಹರಿದುಕೊಂಡು ಹೋದೀತು. ಆದ್ದರಿಂದಲೇ ಕರ್ನಾಟಕದ ಕಡವುಗಳೆಲ್ಲ ಬಹುತೇಕ ಹೊಳೆಯ ಬಾಯಿಯ ಒಳಗಿವೆ: ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆಯ ನಡುವೆ, ತದಡಿ ಮತ್ತು ಅಘನಾಶಿನಿಯ ನಡುವೆ, ಮಂಗಳೂರಿನ ಸುಲ್ತಾನ್ ಬತ್ತೇರಿ ಮತ್ತು ತಣ್ಣೀರುಬಾವಿಯ ನಡುವೆ. ಹಿರಿಯರು ನೆಲೆ ಹುಡುಕಿದ್ದು ಗಾಳಿಯ ಮರೆಯಲ್ಲಿ.

ಹೊಳೆಯ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಳಿವೆಯ ಒಳಗೆ ಅಲೆಯ ಕಾಟ ಕಡಿಮೆ, ಮರಳಿನ ಕಾಟ ಹೆಚ್ಚು. ಮಳೆಗಾಲದಲ್ಲಿ ಹೊಳೆಯ ನೆರೆ ಮರಳನ್ನು ತಳ್ಳಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಸಮುದ್ರ ಅದನ್ನು ಮರಳಿ ತಂದು ದಿಬ್ಬ ಕಟ್ಟುತ್ತದೆ. ದಿಬ್ಬ ಪ್ರತಿ ವರ್ಷ ಒಂದೇ ಕಡೆ ಏಳುವುದಿಲ್ಲ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕೂಡುವ ಮಂಗಳೂರಿನ ಅಳಿವೆಬಾಗಿಲಿನಲ್ಲಿ ಮೀನುಗಾರಿಕೆ ದೋಣಿಗಳು ಈ ದಿಬ್ಬಗಳಿಗೆ ತಾಗಿ ಅಪಘಾತಕ್ಕೀಡಾಗುವ ಸುದ್ದಿ ವರ್ಷವರ್ಷವೂ ಇರುತ್ತದೆ. ಆಳವನ್ನು ಅಳೆದ ತಿಂಗಳನ್ನು ಹೇಳದೆ ಆಳವನ್ನು ಮಾತ್ರ ಹೇಳುವ ವರದಿಯನ್ನು ಇಂತಹ ಕಡೆ ನಂಬಲಾಗದು. ಸಮೀಕ್ಷೆಯ ತಂಡಗಳು ಬರುವುದು ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಆಗ ಸಮುದ್ರ ಶಾಂತ, ಉಪಕರಣಗಳಿಗೆ ಅಪಾಯವಿಲ್ಲ. ಮೇ ತಿಂಗಳಿನ ತಳ ಹೇಗಿರುತ್ತದೆ ಎಂಬುದು ಆ ಹಾಳೆಗಳಲ್ಲಿ ಬರುವುದಿಲ್ಲ. ಬಲೆ ಬೀಸುವವನಿಗೆ, ಚಿಪ್ಪಿಕಲ್ಲು ಆಯುವ ಹೆಂಗಸಿಗೆ ಅದು ಗೊತ್ತಿರುತ್ತದೆ. ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ, ಕೇಳಿದ್ದರೂ ಬರೆದುಕೊಂಡಿರುವುದಿಲ್ಲ.

ತಳ ಬದಲಾಗಲು ಋತುವೇ ಬದಲಾಗಬೇಕೆಂದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ನಡುವೆ ಮಣ್ಣಿನ ದಿಬ್ಬವೇ ಎದ್ದು ನಿಂತಿತು. ಅದಕ್ಕೂ ಹಿಂದಿನ ದಿನದ ಆಳದ ನಕ್ಷೆ ಆ ಭಾಗದ ಮಟ್ಟಿಗೆ ಒಂದೇ ಬೆಳಿಗ್ಗೆಯಲ್ಲಿ ಹಳತಾಯಿತು. ಘಟ್ಟದ ಬುಡದ ಹೊಳೆಗಳಲ್ಲಿ ನಿಲ್ದಾಣ ಯೋಜಿಸುವಾಗ ದಡವನ್ನು ಮಾತ್ರವಲ್ಲ, ಮೇಲಿನ ಗುಡ್ಡವನ್ನೂ ನೋಡಬೇಕಾದ ಕಾಲ ಬಂದಿದೆ.

ನೀರಿನ ಮಟ್ಟವೇ ಕಡವಿನ ಒಡೆಯ ಎಂಬುದು ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನಲ್ಲಿ ಪ್ರಯಾಣಿಸಿದವರಿಗೆ ಹೊಸ ಮಾತಲ್ಲ. ಅದು ಕರಾವಳಿಯದಲ್ಲ, ಜಲಾಶಯದ್ದು. ಆದರೂ ಬೇಸಿಗೆಯ ಕೊನೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ವಾಹನಗಳನ್ನು ಹತ್ತಿಸಲಾಗದೆ ಜನರನ್ನು ಮಾತ್ರ ದಾಟಿಸುತ್ತಿದ್ದ ದಿನಗಳು ಇದ್ದವು. ಲಾಂಚು ಅಲ್ಲಿಯೇ ಇತ್ತು, ಸಿಬ್ಬಂದಿಯೂ ಇದ್ದರು. ಇಳಿಜಾರಿನ ತುದಿಗೂ ನೀರಿಗೂ ಮಾತ್ರ ಸಂಬಂಧ ತಪ್ಪಿತ್ತು.

ಇನ್ನು ಜನರ ವಿಷಯ. ನಿಲ್ದಾಣದ ಸ್ಥಳವನ್ನು ನೀರು ಅರ್ಧ ಗೊತ್ತುಮಾಡಿದರೆ ಕಾಲ್ನಡಿಗೆ ಉಳಿದರ್ಧವನ್ನು ಗೊತ್ತುಮಾಡುತ್ತದೆ. ಮಂಗಳೂರಿನ ಬೆಂಗ್ರೆಯು ಒಂದು ಬದಿಗೆ ಸಮುದ್ರ, ಮತ್ತೊಂದು ಬದಿಗೆ ಫಲ್ಗುಣಿ ಇರುವ ಉದ್ದನೆಯ ಮರಳುಪಟ್ಟಿ. ಅಲ್ಲಿಂದ ನಗರಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ತಣ್ಣೀರುಬಾವಿ, ಕೂಳೂರು ಸುತ್ತಬೇಕು. ದೋಣಿಯಲ್ಲಿ ಬಂದರಿಗೆ ಕೆಲವೇ ನಿಮಿಷ. ದಕ್ಕೆಯ ಕೆಲಸಕ್ಕೆ ಹೋಗುವವರು, ಶಾಲೆ ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೊರಟವರು ಆ ಕಡವನ್ನು ಬಳಸುತ್ತಾರೆ. ಆ ಕಡವು ನಿಂತಿರುವುದು ಎದುರು ದಡದಲ್ಲಿ ಇಳಿದ ಕೂಡಲೇ ಕೆಲಸವೂ ಪೇಟೆಯೂ ಸಿಗುವುದರಿಂದ. ಅದೇ ನಿಲ್ದಾಣವನ್ನು ಜಾಗ ಸುಲಭವಾಗಿ ಸಿಗುತ್ತದೆಂದು ಒಂದೂವರೆ ಕಿ.ಮೀ. ಆಚೆ ಸರಿಸಿದ್ದರೆ, ಇಳಿದವರು ಆಟೋ ಹಿಡಿಯಬೇಕಾಗುತ್ತಿತ್ತು. ಆಟೋದ ಹಣ ದೋಣಿಯ ಟಿಕೆಟ್ಟಿಗಿಂತ ಹೆಚ್ಚಾದ ದಿನ ಕಡವು ಸೊರಗುತ್ತದೆ.

ಎರಡು ದಡಗಳೂ ಒಂದೇ ಬಗೆಯ ನಿಲ್ದಾಣವನ್ನು ಬೇಡುವುದಿಲ್ಲ ಎಂಬುದನ್ನು ಮುಂಬೈ–ಮಾಂಡವಾ ಕಡವು ಕಲಿಸುತ್ತದೆ. ಗೇಟ್‌ವೇ ಆಫ್ ಇಂಡಿಯಾದಿಂದ ಅಲಿಬಾಗ್ ಬಳಿಯ ಮಾಂಡವಾಕ್ಕೆ ಪ್ರಯಾಣಿಕರ ದೋಣಿಗಳು ಬಹುಕಾಲದಿಂದ ಓಡುತ್ತಿವೆ; ಮಳೆಗಾಲದಲ್ಲಿ ಅವು ನಿಲ್ಲುತ್ತವೆ. 2020ರ ಮಾರ್ಚ್‌ನಲ್ಲಿ ವಾಹನ ಸಹಿತ ಹಡಗು ಸೇವೆ ಆರಂಭಿಸಿದಾಗ ನಗರದ ಬದಿಯಲ್ಲಿ ಗೇಟ್‌ವೇಯನ್ನು ಆರಿಸಲಿಲ್ಲ, ಬಂದರು ಪ್ರದೇಶದ ಭಾವುಚಾ ಧಕ್ಕೆಯನ್ನು ಆರಿಸಿದರು. ನೂರಾರು ಕಾರುಗಳು ಸಾಲುಗಟ್ಟಿ ಕಾಯುವ ಅಂಗಳ ಹಾಗೂ ಅಗಲವಾದ ರಸ್ತೆಯ ಸಂಪರ್ಕ ಅಲ್ಲಿ ಸಾಧ್ಯ. ಪ್ರವಾಸಿಗರಿಂದ ತುಂಬಿದ ಗೇಟ್‌ವೇ ಅಂಗಳದಲ್ಲಿ ಅಸಾಧ್ಯ. ಮಾಂಡವಾದ ಬದಿಯಲ್ಲಿ ಅಂಗಳಕ್ಕೆ ಬರವಿಲ್ಲ, ಬರವಿದ್ದದ್ದು ಅಲೆಯ ಮರೆಗೆ. ಅಲ್ಲಿ ಅಲೆತಡೆಗೋಡೆ ಕಟ್ಟಬೇಕಾಯಿತು. ಒಂದು ದಡದ ಪಂಚಾಯತಿ ಎದುರು ದಡದ ಪಂಚಾಯತಿಯೊಡನೆ ಕುಳಿತು ಮಾತನಾಡದೆ ಕಡವಿನ ಪ್ರಸ್ತಾವ ಕಳುಹಿಸುವುದು ಸೇತುವೆಯ ಅರ್ಧವನ್ನು ಕೇಳಿದಂತೆ. ಆದರೂ ನಡೆಯುತ್ತಿರುವುದು ಬಹುಮಟ್ಟಿಗೆ ಹಾಗೆಯೇ.

ಜಾಗದ ಪ್ರಶ್ನೆ ಬಂದಾಗ ಪಂಚಾಯತಿಗಳಲ್ಲಿ ಮೊದಲು ಕೇಳಿಬರುವ ಮಾತು, ಸರ್ಕಾರಿ ಜಾಗ ಎಲ್ಲಿದೆ ಎಂಬುದು. ಖಾಲಿ ಎಂದು ಪಹಣಿಯಲ್ಲಿ ತೋರುವ ಹೊಳೆಬದಿಯ ಜಾಗ ಬಹಳ ಸಲ ಖಾಲಿಯಾಗಿರುವುದಿಲ್ಲ. ಅಲ್ಲಿ ಬಲೆ ಒಣಗುತ್ತಿರುತ್ತದೆ, ಮೀನು ಒಣಗುತ್ತಿರುತ್ತದೆ, ದೋಣಿಗಳನ್ನು ಮೇಲಕ್ಕೆಳೆದು ಇಟ್ಟಿರುತ್ತಾರೆ. ಕೈರಂಪಣಿ ಬಲೆ ಎಳೆಯುವ ತಂಡಕ್ಕೆ ಅಡೆತಡೆಯಿಲ್ಲದ ಉದ್ದನೆಯ ತೀರ ಬೇಕು. ನಡುವೆ ಒಂದು ಜೆಟ್ಟಿ ನೀರಿಗೆ ಚಾಚಿದರೆ ಆ ತಂಡದ ಆ ತೀರ ಹೋದಂತೆಯೇ. ದಾಖಲೆಯಲ್ಲಿ ಹೆಸರಿಲ್ಲದ ಈ ಬಳಕೆಗಳನ್ನು ಗ್ರಾಮಸಭೆಯಲ್ಲಿ ಕೇಳಿ ಬರೆದುಕೊಳ್ಳದಿದ್ದರೆ, ಕಾಮಗಾರಿ ಆರಂಭವಾದ ದಿನ ಅವು ಪ್ರತಿಭಟನೆಯ ರೂಪದಲ್ಲಿ ಮೇಲೆ ಬರುತ್ತವೆ. ಆಗ ಅಭಿವೃದ್ಧಿಗೆ ಅಡ್ಡಿ ಎಂಬ ಹೆಸರು ಮೀನುಗಾರರಿಗೆ ಬರುವುದು ಅನ್ಯಾಯ. ಅವರು ಹೇಳಬೇಕಾದುದನ್ನು ಹೇಳಲು ಮೊದಲೇ ಒಂದು ವೇದಿಕೆ ಇರಬೇಕಾಗಿತ್ತು.

ಕಾನೂನಿನ ಮಾತು ಚಿಕ್ಕದಾಗಿ. 2019ರ ಜನವರಿಯ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಜೆಟ್ಟಿ, ದಕ್ಕೆಗಳನ್ನು ನೀರಿನ ಅಂಚಿನಲ್ಲಿಯೇ ಇರಬೇಕಾದ ಕಾಮಗಾರಿಗಳೆಂದು ಒಪ್ಪುತ್ತದೆ; ಅದಕ್ಕೆ ಪೂರ್ವಾನುಮತಿ ಬೇಕು ಮತ್ತು ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಪರಿಶೀಲನೆ ಬೇಕು. ಕಾಂಡ್ಲಾ ವನವು 1,000 ಚದರ ಮೀಟರಿಗಿಂತ ಹೆಚ್ಚು ಇದ್ದರೆ ಅದರ ಸುತ್ತ 50 ಮೀಟರ್ ಪಟ್ಟಿಯೂ ಅತಿ ಸೂಕ್ಷ್ಮ ವಲಯವೆಂದೇ ಎಣಿಕೆಯಾಗುತ್ತದೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಅಲ್ಲಿನ ಗಜನಿ ಗದ್ದೆಗಳೂ ಚಿಪ್ಪಿಕಲ್ಲಿನ ಹಾಸುಗಳೂ ಉಪ್ಪುನೀರು ಸಿಹಿನೀರಿನ ಹದದ ಮೇಲೆ ನಿಂತಿವೆ. ಕಡವಿಗಾಗಿ ಆಳವಾದ ಕಾಲುವೆ ತೋಡುವ ಪ್ರಸ್ತಾವ ಬಂದರೆ, ಎತ್ತಿದ ಹೂಳನ್ನು ಎಲ್ಲಿ ಸುರಿಯುತ್ತಾರೆ ಎಂಬುದು ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ. ಹೂಳೆತ್ತುವ ಅಗತ್ಯವೇ ಬೀಳದ ಜಾಗ ಇನ್ನೂರು ಮೀಟರ್ ಆಚೆ ಇದ್ದಿರಲೂಬಹುದು.

ಸೇತುವೆಯ ಸಂಗತಿಯನ್ನೂ ಮರೆಯುವಂತಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಸಿಗಂದೂರು ಲಾಂಚಿನ ಹಳೆಯ ಅನಿವಾರ್ಯತೆ ಮುಗಿಯಿತು. ಹತ್ತು ವರ್ಷದೊಳಗೆ ಸೇತುವೆ ಬರುವ ಕಡೆ ಕೋಟ್ಯಂತರ ರೂಪಾಯಿಯ ವಾಹನ ಜೆಟ್ಟಿ ಕೇಳುವ ಮೊದಲು ಲೋಕೋಪಯೋಗಿ ಇಲಾಖೆಯಲ್ಲಿ ವಿಚಾರಿಸುವುದು ಒಳಿತು. ಇದಕ್ಕೆ ಇನ್ನೊಂದು ಮುಖವೂ ಇದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಸಂಪರ್ಕ ಪೂರ್ತಿ ಕಡಿಯಲಿಲ್ಲ. ಒಂದೇ ಸೇತುವೆ ಇರುವ ಹೊಳೆಗಳಲ್ಲಿ ಹಳೆಯ ಕಡವಿನ ಮೆಟ್ಟಿಲುಗಳನ್ನು ಕಸ ಸುರಿಯುವ ಜಾಗವಾಗಲು ಬಿಡದಿರುವುದಕ್ಕೆ ಇಷ್ಟು ಕಾರಣ ಸಾಕು.

ಸುರಕ್ಷತೆಯ ಲೆಕ್ಕವೂ ಸ್ಥಳದಲ್ಲಿಯೇ ಆರಂಭವಾಗುತ್ತದೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಜಾತ್ರೆಯ ದಿನ ಕಡವಿಗೆ ಬರುವ ಜನಸಂಖ್ಯೆ ಉಳಿದ ದಿನಗಳ ಲೆಕ್ಕಕ್ಕೆ ಸಿಗುವುದಿಲ್ಲ. ಹತ್ತುವವರನ್ನು ಒಬ್ಬೊಬ್ಬರಾಗಿ ಎಣಿಸಿ ಬಿಡಲು ಒಂದೇ ಬಾಗಿಲು, ಉಳಿದವರು ನಿಲ್ಲಲು ನೆರಳಿನ ಅಂಗಳ, ಜೀವರಕ್ಷಕ ಜಾಕೆಟ್ ತೊಡಲು ಜಾಗ ಇಲ್ಲದ ಕಡೆ ಯಾವ ನಿಯಮವನ್ನೂ ಜಾರಿಗೆ ತರಲಾಗದು. ತೆರೆದ ಮರಳಿನ ಮೇಲೆ ಎಲ್ಲ ದಿಕ್ಕಿನಿಂದಲೂ ನುಗ್ಗುವ ಜನರನ್ನು ಒಬ್ಬ ಅಂಬಿಗ, ಒಬ್ಬ ಪೊಲೀಸ್ ತಡೆಯಲಾರರು.

ಈ ಎಲ್ಲವನ್ನೂ ಒಂದು ಉದಾಹರಣೆಯಲ್ಲಿ ಕೂಡಿಸಿ ನೋಡಬಹುದು. ಕಲ್ಪಿತ ಗ್ರಾಮವೊಂದರಲ್ಲಿ ಎರಡು ಜಾಗಗಳಿವೆ ಎಂದಿಟ್ಟುಕೊಂಡರೆ, ಮೊದಲನೆಯದು ಮುಖ್ಯ ರಸ್ತೆಗೆ ತಾಗಿದ ಸರ್ಕಾರಿ ಜಾಗ. ಹೊಳೆಯ ಅಗಲ 400 ಮೀಟರ್. ಎರಡನೆಯದು ಅರ್ಧ ಕಿ.ಮೀ. ಮೇಲ್ಭಾಗದಲ್ಲಿ, ಹೊಳೆಯ ಅಗಲ 900 ಮೀಟರ್, ಎಂಟು ಗುಂಟೆ ಖಾಸಗಿ ಜಾಗ ಕೊಳ್ಳಬೇಕು, ಮೂರು ಮೀಟರ್ ಅಗಲದ ಓಣಿಯನ್ನು ಹಿಗ್ಗಿಸಬೇಕು. ಪಂಚಾಯತಿಯಲ್ಲಿ ಮತಕ್ಕೆ ಹಾಕಿದರೆ ಮೊದಲನೆಯದೇ ಗೆಲ್ಲುತ್ತದೆ. ಈಗ ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಅಳೆದಾಗ ಮೊದಲ ಜಾಗದಲ್ಲಿ 0.9 ಮೀಟರ್, ಎರಡನೆಯ ಜಾಗದಲ್ಲಿ 2.2 ಮೀಟರ್ ನೀರು ಸಿಕ್ಕಿತೆನ್ನಬಹುದು. ತುಂಬಿದ ಬಾರ್ಜ್ ನೀರಿನಲ್ಲಿ ಮುಳುಗುವ ಆಳ 1.1 ಮೀಟರ್, ತಳಕ್ಕೂ ನೆಲಕ್ಕೂ ನಡುವೆ ಅರ್ಧ ಮೀಟರ್ ಬಿಡಬೇಕು, ಒಟ್ಟು 1.6 ಮೀಟರ್. ಅಂದರೆ ಮೊದಲ ಜಾಗದಲ್ಲಿ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕೆಲವು ಗಂಟೆ ಬಾರ್ಜ್ ನಿಲ್ಲಲೇಬೇಕು.

ಕೆಲವೇ ಗಂಟೆ ಅಲ್ಲವೇ ಎಂಬ ಮಾತು ಬರುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತದೆ. ಇಂದು ಆರು ಗಂಟೆಗೆ ನಿಂತ ಬಾರ್ಜ್ ನಾಳೆ ಏಳಕ್ಕೆ, ನಾಡಿದ್ದು ಎಂಟಕ್ಕೆ ನಿಲ್ಲುತ್ತದೆ. ಎಂಟೂವರೆಯ ಬಸ್ಸು ಹಿಡಿಯಬೇಕಾದ ವಿದ್ಯಾರ್ಥಿನಿಗೆ ತಿಂಗಳಲ್ಲಿ ನಾಲ್ಕೈದು ದಿನ ಬಸ್ಸು ತಪ್ಪಿದರೆ ಅವಳ ಮನೆಯವರು ಕಡವನ್ನು ನೆಚ್ಚುವುದನ್ನೇ ಬಿಡುತ್ತಾರೆ, ಕೆಲವರು ಕಾಲೇಜನ್ನೇ ಬಿಡಿಸುತ್ತಾರೆ. ಹೆರಿಗೆಯ ನೋವು ಬಂದವರಿಗಂತೂ ವೇಳಾಪಟ್ಟಿ ತೋರಿಸಲು ಬರುವುದಿಲ್ಲ. ಮೊದಲ ಜಾಗವನ್ನು ಉಳಿಸಿಕೊಳ್ಳಬೇಕೆಂದರೆ ವರ್ಷವರ್ಷವೂ ಹೂಳೆತ್ತಬೇಕು. ಎರಡನೆಯ ಜಾಗದಲ್ಲಿ ಭೂಮಿಗೂ ರಸ್ತೆಗೂ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ದಾಟಲು ಮೂರು ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ, ಡೀಸೆಲ್ ಹೆಚ್ಚು ಬೇಕು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಡಿದ ಮೇಲೂ ಎರಡನೆಯದೇ ಮೇಲು. ಆದರೆ 0.9 ಮತ್ತು 2.2 ಎಂಬ ಎರಡು ಅಂಕಿಗಳು ಸಭೆಯ ಮುಂದೆ ಇಲ್ಲದಿದ್ದರೆ ಈ ಮಾತನ್ನು ಆಡಲು ಯಾರಿಗೂ ಆಧಾರವಿರುವುದಿಲ್ಲ; ಯಾರ ವಾರ್ಡಿಗೆ ಜೆಟ್ಟಿ ಎಂಬುದಷ್ಟೇ ಚರ್ಚೆಯಾಗಿ ಉಳಿಯುತ್ತದೆ.

ಆ ಅಂಕಿಗಳನ್ನು ತರಲು ದೊಡ್ಡ ಉಪಕರಣ ಬೇಡ. ಅಂತಿಮ ವಿನ್ಯಾಸಕ್ಕೆ ಜಲಮಾಪನ ಸಮೀಕ್ಷೆ ಬೇಕೇ ಬೇಕು, ಅದು ಇಲಾಖೆಯ ಕೆಲಸ. ಆದರೆ ಯಾವ ಜಾಗಗಳನ್ನು ಸಮೀಕ್ಷೆ ಮಾಡಬೇಕೆಂದು ಹೇಳಲು, ಸೆಂಟಿಮೀಟರ್ ಗುರುತು ಹಾಕಿದ ಒಂದು ಬಿದಿರಿನ ಗಳು, ಒಂದು ದೋಣಿ ಮತ್ತು ಹೊಳೆಯನ್ನು ಬಲ್ಲ ಇಬ್ಬರು ಸಾಕು. ಪ್ರತಿ ಜಾಗದಲ್ಲಿ ದಡದಿಂದ ನಡುನೀರಿನವರೆಗೆ ಹತ್ತು ಹೆಜ್ಜೆಗೊಮ್ಮೆ ಆಳ ಬರೆದುಕೊಳ್ಳಬೇಕು. ತಳ ಮರಳೋ ಕೆಸರೋ ಬಂಡೆಯೋ ಎಂಬುದನ್ನು ಗಳುವಿನ ತುದಿಯೇ ಹೇಳುತ್ತದೆ. ದಾಟುವವರ ಎಣಿಕೆಯನ್ನು ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ, ಒಂದು ರಜೆಯ ದಿನ ಮುಂಜಾನೆಯಿಂದ ರಾತ್ರಿಯವರೆಗೆ ಮಾಡಿ, ಎಲ್ಲಿಗೆ ಮತ್ತು ಏತಕ್ಕೆ ಎಂಬುದನ್ನೂ ಕೇಳಿ ಬರೆಯಬೇಕು. ಕಡವೇ ಇಲ್ಲದ ಕಡೆ ಬಸ್ ತಂಗುದಾಣದಲ್ಲಿ ನಿಂತು ಕೇಳಬಹುದು. ಬಲೆ, ದೋಣಿ, ಮೀನು ಒಣಗಿಸುವ ಜಾಗಗಳನ್ನು ಗ್ರಾಮ ನಕ್ಷೆಯ ಮೇಲೆ ಗುರುತಿಸಿ, ಅವುಗಳನ್ನು ಬಳಸುವವರ ಸಹಿ ಪಡೆಯಬೇಕು. ಎದುರು ದಡದ ಪಂಚಾಯತಿಯೂ ಇದನ್ನೇ ಮಾಡಿ ಎರಡೂ ಠರಾವುಗಳು ಒಟ್ಟಿಗೆ ಹೋದರೆ ಕಡತದ ತೂಕವೇ ಬೇರೆ.

ಅಳತೆಯ ಹಾಳೆಯ ಮೇಲೆ ದಿನಾಂಕ, ತಿಥಿ, ಗಂಟೆ ಮೂರನ್ನೂ ಬರೆದಿರಬೇಕು; ಅವಿಲ್ಲದ ಆಳದ ಅಂಕಿಯನ್ನು ಯಾವ ಎಂಜಿನಿಯರ್ ಕೂಡ ಬಳಸಲಾರನು. ಮೊದಲ ಅಳತೆಗೆ ಮಳೆಗಾಲ ಮುಗಿದ ನಂತರದ ಮೊದಲ ಅಮಾವಾಸ್ಯೆ ಸೂಕ್ತ, ಎರಡನೆಯ ಅಳತೆಗೆ ಮೇ ತಿಂಗಳ ಹುಣ್ಣಿಮೆ. ಎರಡೂ ಸಲ ಇಳಿತದ ಕೊನೆಯ ಅರ್ಧ ಗಂಟೆಯಲ್ಲಿ, ನೀರು ಮತ್ತೆ ಏರತೊಡಗುವ ಮುನ್ನ, ಗಳು ಊರಬೇಕು.